ಸಕ್ಕರೆ ಸಾಕಾ ಅಣ್ಣಾ?

ಪುಟ್ಟೀ,

ಭಾನುವಾರ ನೀನು ಊಟಕ್ಕೂ ಕೂರದೆ ಬಸ್ಸು ಹತ್ತಿದೆ. ಬಿಟ್ಟುಹೋದ ವಂಶವೃಕ್ಷದ ಜೆರಾಕ್ಸು ಇನ್ನೂ ಮೇಜಿನ ಮೇಲೇ ಇದೆ. ಗಾಳಿಗೆ ಹಾರದಿರಲಿ ಅಂತ ನಿನ್ನಮ್ಮ ಅದರ ಮೇಲೆ ಉಪ್ಪಿನಕಾಯಿ ಬಾಟಲಿ ಇಟ್ಟಿದ್ದಾಳೆ. ಫೋನು ಮಾಡಿದರೆ ನಾನು ದನಿ ಏರಿಸುತ್ತೇನೆ, ನೀನು ಕಟ್ ಮಾಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ.

1996ರ ಆ ವಂಶವೃಕ್ಷದ ಕೆಳಗಿರುವುದು ನನ್ನದೇ ರುಜು. ನಿನ್ನ ತಾತನಿಗೆ ಇಬ್ಬರು ಗಂಡುಮಕ್ಕಳು ಮಾತ್ರ ಅಂತ ಛಾಪಾ ಕಾಗದದಲ್ಲಿ ಪ್ರಮಾಣ ಮಾಡಿದವನೂ ನಾನೇ. ನಿನ್ನ ಅತ್ತೆಯ ಹೆಸರು ಕೈತಪ್ಪಿ ಬಿಟ್ಟುಹೋಯಿತು ಅಂದೆನಲ್ಲ, ಅದು ಸುಳ್ಳು. ನಾವೇ ಬಿಟ್ಟೆವು.

ತಾತ ತೀರಿಕೊಂಡು ತಿಂಗಳಾಗಿತ್ತು. ಸತ್ತವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡುವ ಪೌತಿ ಖಾತೆಗೆಂದು ವಿಲೇಜ್ ಅಕೌಂಟೆಂಟರು ಮನೆಗೇ ಬಂದಿದ್ದರು. ಜಗಲಿಯಲ್ಲಿ ಚಾಪೆ, ಪಂಚರು ನಾಲ್ಕು ಜನ. ಅಕೌಂಟೆಂಟರು ಪೆನ್ನಿನ ಕ್ಯಾಪು ಕಚ್ಚಿಕೊಂಡು ‘ಹೆಣ್ಣುಮಕ್ಕಳು?’ ಅಂದರು. ನಿನ್ನ ದೊಡ್ಡಪ್ಪ ನನ್ನ ಮುಖ ನೋಡಿದರು. ‘ಒಬ್ಬಳಿದ್ದಾಳೆ, ಮದುವೆಯಾಗಿ ಹೋಗಿದ್ದಾಳೆ’ ಅಂದೆ. ‘ಹಂಗಾದ್ರೆ ಬಿಡಿ, ಬರೆದರೆ ಆಮೇಲೆ ಅವರ ರುಜು ಅದೂ ಇದೂ ಅಂತ ಓಡಾಟ’ ಅಂತ ಎರಡೇ ಹೆಸರಿನ ಕೆಳಗೆ ಗೆರೆ ಎಳೆದರು. ಆಗಲೇ ಅವಳು ಕಾಫಿ ತಂದಳು. ಹೋಗಿದ್ದಾಳೆ ಅಂದವಳು ಅಲ್ಲೇ, ಮನೆಯೊಳಗೇ ಇದ್ದಳು! ತಟ್ಟೆಯಲ್ಲಿ ಏಳು ಲೋಟ. ಎಲ್ಲರಿಗೂ ಕೊಟ್ಟು, ‘ಸಕ್ಕರೆ ಸಾಕಾ ಅಣ್ಣಾ?’ ಅಂದಳು.

ನನ್ನನ್ನು ಕೇಳಿದಳೋ, ಆ ಅಧಿಕಾರಿಯನ್ನೋ? ನಾವು ಆಡಿದ್ದು ಅವಳ ಕಿವಿಗೆ ಬಿದ್ದಿತ್ತೋ, ಅಡುಗೆಮನೆಯಲ್ಲಿ ಸ್ಟೋವಿನ ಸದ್ದಿಗೆ ಕೇಳಿಸಲಿಲ್ಲವೋ? ಆಮೇಲೆ 30 ದಿನ ಚಾವಡಿ ಗೋಡೆಯಲ್ಲಿ ತಕರಾರು ನೋಟಿಸು ಅಂಟಿಸಿದ್ದರು. ಅದರಲ್ಲಿ ಮಧ್ಯೆ ಒಂದು ವಾರ ಅವಳು ಊರಲ್ಲೇ ಇದ್ದಳು. ಏಳನೇ ಕ್ಲಾಸು ಓದಿದವಳು. ನೀರಿಗೆ ಹೋಗುವ ದಾರಿ ಅದೇ. ಆಮೇಲೆ ಪ್ರತಿ ಗೌರಿ ಹಬ್ಬಕ್ಕೂ ಬಂದಳು, ಬಾಗಿನ ತಗೊಂಡಳು, ಕಾಫಿ ಮಾಡಿದಳು. ನಾನು ಮಾತ್ರ ಪ್ರತಿ ಸಲ ಅವಳ ಕೈಯ ಲೋಟ ತಗೊಳ್ಳುವಾಗ ಅದನ್ನೇ ಲೆಕ್ಕ ಹಾಕುತ್ತಿದ್ದೆ, ಕೇಳಿಸಿತ್ತೋ ಇಲ್ಲವೋ ಅಂತ.

ನೀನು ಕಾನೂನು ಹೇಳಿದೆ. ಆಗ ನಾನೂ ಒಂದು ಕಾನೂನು ಹೇಳಿಕೊಂಡಿದ್ದೆ. 1994ರ ಜುಲೈ 30ಕ್ಕೆ ಮುಂಚೆ ಮದುವೆಯಾದ ಹೆಣ್ಣುಮಕ್ಕಳಿಗೆ ನಮ್ಮ ರಾಜ್ಯದ ತಿದ್ದುಪಡಿಯಲ್ಲಿ ಪಿತ್ರಾರ್ಜಿತದ ಪಾಲಿರಲಿಲ್ಲ. ಅವಳ ಮದುವೆ ಅದಕ್ಕೆ ಐದು ವರ್ಷ ಮುಂಚೆಯೇ ಆಗಿತ್ತು. 2005ರಲ್ಲಿ ಎಲ್ಲ ಬದಲಾಯಿತು ಅಂತ ಪೇಪರಿನಲ್ಲಿ ಓದಿ, ಪೇಪರು ಮಡಿಸಿಟ್ಟೆ. ಹೋಗಲಿ, ವಂಶವೃಕ್ಷದಲ್ಲಿ ಹೆಸರು ಬರೆಯಬೇಡಿ ಅಂತ ಯಾವ ಕಾನೂನೂ ಹೇಳಿರಲಿಲ್ಲ. ಇದ್ದದ್ದು 4 ಎಕರೆ 12 ಗುಂಟೆ ಶೇಂಗಾ ಹೊಲ.

ಮೂರು ದಿನ ಆ ರೆಕಾರ್ಡ್ ರೂಮಿನ ದೂಳಿನಲ್ಲಿ ಕೂತು, 1963ರಲ್ಲಿ ಶಾನುಭೋಗಿಕೆ ಹೋಯಿತಲ್ಲ, ಅದಕ್ಕೂ ಹಿಂದಿನ ಪುಸ್ತಕದ ಮೋಡಿ ಅಕ್ಷರದಂಥ ಕೈಬರಹ ಓದಿದೆಯಲ್ಲ, ನನಗೇ ಓದಲಾಗುವುದಿಲ್ಲ. ಅದನ್ನು ಹೇಳಬೇಕೆಂದಿದ್ದೆ, ಅಷ್ಟರಲ್ಲಿ ಜಗಳವಾಯಿತು. ಆದರೆ ಒಂದು ಮಾತು. ಪಹಣಿಯ 9ನೇ ಕಾಲಮ್ಮಿನ ಮಾಲೀಕರ ಹೆಸರು ನೋಡಿ ಮನೆತನ ಗೊತ್ತಾಯಿತು ಅಂದುಕೊಳ್ಳಬೇಡ. 10ನೇ ಕಾಲಮ್ಮಿನ ಎಂ.ಆರ್. ನಂಬರು, ಅಂದರೆ ಖಾತೆ ಬದಲಾವಣೆಯ ನಂಬರು, ಹಿಡಿದು ಹಿಂದಕ್ಕೆ ಹೋಗಬೇಕು. ಹೋದರೂ ಸಿಗುವುದು ಬಿನ್, ಬಿನ್, ಬಿನ್, ಇಂಥವರ ಮಗ ಅಂತ. ಗಂಡ ಸತ್ತ ಮೇಲೆ ಎಲ್ಲೋ ಒಂದು ‘ಕೋಂ’, ಇಂಥವರ ಹೆಂಡತಿ ಅಂತ. ಹೆಂಗಸರು ಬೇಕಾದರೆ ಶಾಲೆಯ ದಾಖಲಾತಿ ಪುಸ್ತಕ ಕೇಳು, ಜನನ ಮರಣದ ರಿಜಿಸ್ಟರು ಕೇಳು. ಹುಟ್ಟಿದ ತಾರೀಕು ಜೂನ್ 1 ಅಂತಿದ್ದರೆ ನಂಬಬೇಡ, ಅದು ಮೇಷ್ಟ್ರು ಹಾಕಿದ್ದು. ಹಾಳೆ ತಿರುಗಿಸುವಾಗ ಬೆರಳಿಗೆ ಎಂಜಲು ಹಚ್ಚಬೇಡ. ದೃಢೀಕೃತ ನಕಲೇ ತಗೋ, ಜೆರಾಕ್ಸು ಯಾವುದಕ್ಕೂ... ನೋಡು, ಮತ್ತೆ ಪಾಠ ಶುರು ಮಾಡಿದೆ.

ನಿನಗೆ ಗೊತ್ತಿಲ್ಲದ್ದು ಇನ್ನೊಂದಿದೆ. ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಕೂತು ಹೆಳವರು ಬರುತ್ತಿದ್ದರು. ನಮ್ಮ ಏಳು ತಲೆಯ ಹೆಸರನ್ನು ಬಾಯಲ್ಲೇ ಹೇಳಿ, ಹೊಸದಾಗಿ ಹುಟ್ಟಿದವರನ್ನು ಪುಸ್ತಕಕ್ಕೆ ಸೇರಿಸಿಕೊಳ್ಳುವರು. ಅವಳು ಹುಟ್ಟಿದ ವರ್ಷ ‘ಇದೊಂದು ಹೆಣ್ಣಿನ ಹೆಸರೂ ಬರಕಳಪ್ಪ’ ಅಂತ ನಿನ್ನಜ್ಜಿ ಒಂದು ಮೊರ ರಾಗಿ ಜಾಸ್ತಿ ಹಾಕಿದ್ದು ನನಗೆ ನೆನಪಿದೆ. ಆ ಹೆಳವರ ಮಗ ಈಗಲೂ ಬರುತ್ತಾನೆ, ಬೈಕಿನಲ್ಲಿ.

‘ನನ್ನ ಹೆಸರನ್ನೂ ಹಿಂಗೇ ಬಿಡ್ತೀಯಾ’ ಅಂದೆ ನೀನು. ನೀನೊಬ್ಬಳೇ ಮಗಳು, ಬಿಡುವ ಮಾತೆಲ್ಲಿ ಅಂದೆ ನಾನು. ಅದು ಉತ್ತರವಲ್ಲ ಅಂತ ನಿನ್ನ ಬಸ್ಸು ಹೋದ ಮೇಲೆ ಹೊಳೆಯಿತು.

ಹೊಸ ಅಫಿಡವಿಟ್ಟಿಗೆ ವಕೀಲರನ್ನು ಕಂಡು ಬಂದೆ. ‘ತಂಗಿಯ ಹೆಸರೇನು?’ ಅಂದರು, ತಡವರಿಸಿದೆ. ಮನೆಯಲ್ಲಿ ಪುಟ್ಟತಾಯಿ, ಶಾಲೆಯಲ್ಲಿ ತಾಯಮ್ಮ, ಗಂಡನ ಮನೆಯ ವೋಟರ್ ಲಿಸ್ಟಿನಲ್ಲಿ ಜಯಮ್ಮ. ಮೂರೂ ಒಬ್ಬಳೇ ಅಂತ ತೋರಿಸುವ ಕಾಗದ ಬೇಕಂತೆ. ಅದನ್ನು ಹುಡುಕಲು ನಿನ್ನಷ್ಟು ತಾಳ್ಮೆ ನನಗಿಲ್ಲ. ನಿನ್ನ ದೊಡ್ಡಪ್ಪ ಎರಡು ದಿನದಿಂದ ಮಾತು ಬಿಟ್ಟಿದ್ದಾರೆ.

ಗುರುವಾರ ಬೆಳಗಿನ ಬಸ್ಸಿಗೆ ಅವಳ ಊರಿಗೆ ಹೊರಟಿದ್ದೇನೆ. ರಜೆ ಸಿಕ್ಕರೆ ನೀನೂ ಬಾ. ಪೇಟೆಯಿಂದ ಅರ್ಧ ಕೆ.ಜಿ. ಮೈಸೂರುಪಾಕು ತಂದಿಟ್ಟಿದ್ದೆ. ಅವಳಿಗೆ ಸಕ್ಕರೆ ಕಾಯಿಲೆಯಂತೆ, ಎಂಟು ವರ್ಷದಿಂದ. ನಿನ್ನಮ್ಮ ಈಗ ಹೇಳುತ್ತಾಳೆ.

ನಿನ್ನ ಅಪ್ಪ