ಅಮ್ಮನ ಕೈ ವಿಚಾರ

ಅಪ್ಪ, ಅಮ್ಮನಿಗೆ ನಮಸ್ಕಾರ. ನಾವಿಲ್ಲಿ ಕ್ಷೇಮ. ಮಕ್ಕಳ ಸುದ್ದಿ ಇನ್ನೊಮ್ಮೆ ಬರೀತೀನಿ.

ಅಪ್ಪನ ಕಾಗದ ಬಂತು. ಕೊನೆಯಲ್ಲಿ ಅಮ್ಮ ಬರೆಯೋ ಎರಡು ಸಾಲು ಈ ಸಲ ಇರಲಿಲ್ಲ. ಪೆನ್ನು ಜಾರುತ್ತೆ, ಸೂಜಿಗೆ ದಾರ ಪೋಣಿಸೋಕಾಗಲ್ಲ, ರಾತ್ರಿ ಎದ್ದು ಕೈ ಕೊಡವ್ತಾಳೆ ಅಂತೆಲ್ಲ ಓದಿ ಗಾಬರಿಯಾಯ್ತು. ಅದರ ಮೇಲೆ ಸರೋಜತ್ತೆ, ಆಪರೇಷನ್ನಿನಲ್ಲಿ "ನರ ಕತ್ತರಿಸಿಬಿಡ್ತಾರೆ" ಅಂತ ಹೆದರಿಸಿದ್ದಾರಂತೆ. ಅಮ್ಮ, ನರದ ತಂಟೆಗೆ ಯಾರೂ ಹೋಗಲ್ಲ. ಮಣಿಕಟ್ಟಿನ ಮೂಳೆಗಳ ನಡುವೆ ಒಂದು ಇಕ್ಕಟ್ಟಾದ ಓಣಿ, ಕಾರ್ಪಲ್ ಟನಲ್ ಅಂತಾರೆ, ಅದಕ್ಕೆ ಗಟ್ಟಿ ಪಟ್ಟಿಯೊಂದರ ಮುಚ್ಚಳ. ಬೆರಳು ಮಡಿಸೋ 9 ಸ್ನಾಯುರಜ್ಜುಗಳ ಜೊತೆ ಒಂದೇ ಒಂದು ನರ ಅಲ್ಲಿ ನುಸುಳಿ ಬರಬೇಕು. ಒಳಗೆ ಚೂರು ಊದಿದರೂ ಒದ್ದಾಡೋದು ಆ ನರ. ಕತ್ತರಿಸೋದು ಮುಚ್ಚಳವನ್ನ. ಇದನ್ನ ಅತ್ತೆಗೂ ಓದಿ ಹೇಳಿ.

ಕಿರುಬೆರಳಿಗೂ ಜೋಮು ಇದೆಯಾ ಅಂತ ಅಪ್ಪ ಬರೆದಿಲ್ಲ. ಅದೇ ಮುಖ್ಯ. ಹೆಬ್ಬೆರಳು, ತೋರುಬೆರಳು, ನಡುಬೆರಳು, ಉಂಗುರಬೆರಳಿನ ಅರ್ಧ, ಇಷ್ಟಕ್ಕೇ ಜೋಮು ಹಿಡಿದರೆ ಆ ಕಾರ್ಪಲ್ ಟನಲ್ ತೊಂದರೆ ಅಂತಲೇ ಅನುಮಾನ. ಕಿರುಬೆರಳೂ ಸೇರಿದ್ದರೆ ಮೊಣಕೈಯಲ್ಲೋ ಕುತ್ತಿಗೆಯಲ್ಲೋ ಹುಡುಕಬೇಕಾಗುತ್ತೆ. ಎರಡೂ ಕೈಯ ಬೆನ್ನು ತಾಗಿಸಿ, ಬೆರಳು ಕೆಳಗೆ ಮಾಡಿ 60 ಸೆಕೆಂಡ್ ಹಿಡಿಸಿ ನೋಡಿ, ಜುಮ್ ಅನ್ನುತ್ತಾ ಅಂತ. ಆದರೆ ಅಷ್ಟಕ್ಕೇ ತೀರ್ಮಾನ ಬೇಡ. ನರ ಎಷ್ಟು ನಿಧಾನವಾಗಿದೆ ಅಂತ ಅಳೆಯೋ ಪರೀಕ್ಷೆ ಇದೆ, ಚಿಟಿಕೆ ಕರೆಂಟ್ ಕೊಡ್ತಾರೆ, ಚುರ್ ಅನ್ನುತ್ತೆ ಅಷ್ಟೇ. ಸಕ್ಕರೆ, ಥೈರಾಯ್ಡ್ ಕೂಡ ನೋಡಿಸಿ, ಅವುಗಳಿಂದಲೂ ಇದು ಬರುತ್ತೆ.

ಹೊಸದಾಗಿದ್ದರೆ ರಾತ್ರಿ ಮಣಿಕಟ್ಟು ನೆಟ್ಟಗಿರೋ ಹಾಗೆ ಪಟ್ಟಿ ಕಟ್ಟಿ ಮಲಗು, ಸಾಲದಿದ್ದರೆ ಒಂದು ಸ್ಟೀರಾಯ್ಡ್ ಇಂಜೆಕ್ಷನ್ ಅಂತ ನಾನೇ ಹೇಳ್ತಿದ್ದೆ. ಆದರೆ "ಹೆಬ್ಬೆರಳ ಬುಡದ ಮಾಂಸ ಇಳಿದಂತಿದೆ" ಅಂತ ಅಪ್ಪ ಒಂದೇ ಸಾಲು ಗೀಚಿ, ಬೇರೆ ಸುದ್ದಿಗೆ ಹೋಗಿಬಿಟ್ಟಿದ್ದಾರೆ. ಅಪ್ಪ, ಮೊದಲು ಬರೆಯಬೇಕಾದ್ದು ಅದು! ಮಾಂಸ ಕರಗ್ತಿದೆ ಅಂದರೆ ನರ ಬಹಳ ದಿನದಿಂದ ಒತ್ತಡದಲ್ಲಿದೆ. ಪಟ್ಟಿ ಕಟ್ಟಿಕೊಂಡು ಕಾಯೋ ಕಾಲ ಮುಗಿದಿದೆ ಅಂತ ನನಗನ್ನಿಸುತ್ತೆ.

ಹೆದರಬೇಡಮ್ಮ. ನಾನು ಕೆಲಸ ಮಾಡೋ ಆಪರೇಷನ್ ಥಿಯೇಟರಿನಲ್ಲಿ ಆ ಮುಚ್ಚಳ ಕತ್ತರಿಸೋದಕ್ಕೆ ಯಾರನ್ನೂ ನಿದ್ದೆ ಮಾಡಿಸಲ್ಲ. ಕೈಗೆ ಮಾತ್ರ ಮರಗಟ್ಟೋ ಔಷಧಿ, ರಕ್ತ ಹರಿಯದಿರಲಿ ಅಂತ ಅದರಲ್ಲೇ ಅಡ್ರಿನಲಿನ್. ಹೋದವಾರ ಒಬ್ಬ ಅಜ್ಜಿ ಮಲಗಿದಲ್ಲೇ ಸರ್ಜನ್ನಿಗೆ ತನ್ನ ಬೆಕ್ಕಿನ ಕಥೆ ಹೇಳ್ತಿದ್ದರು. ಕಥೆ ಮುಗಿಯೋ ಮೊದಲೇ ಹೊಲಿಗೆ ಮುಗಿದಿತ್ತು! ಒಂದು ಗಂಟೆಯಲ್ಲಿ ತಾವೇ ನಡೆದು ಹೋದರು, ಬೆಕ್ಕಿಗೆ ಹಸಿವಾಗಿರುತ್ತೆ ಅಂತ. ಇದೇನು ಇಲ್ಲಿಯವರ ಜಾದೂ ಅಲ್ಲ, ಅಲ್ಲೂ ಮಾಡ್ತಾರೆ. ದಿನಾ ಕೈಗಳನ್ನೇ ನೋಡೋ ಸರ್ಜನ್ ಹತ್ತಿರ ಹೋಗಿ, ಅಷ್ಟೇ.

10-14 ದಿನಕ್ಕೆ ಹೊಲಿಗೆ ಬಿಚ್ಚುತ್ತಾರೆ. ಬೆರಳು ಆಪರೇಷನ್ ಆದ ದಿನದಿಂದಲೇ ಆಡಿಸಬೇಕು, ಅತ್ತೆ ಬೇಡ ಅಂದರೂ. ಅಂಗೈ ಬುಡದ ನೋವು ಕೆಲವು ತಿಂಗಳು ಇರಬಹುದು. ರಾತ್ರಿ ನೋವು ಬೇಗ ಹೋಗುತ್ತೆ, ಜೋಮು ನಿಧಾನ. ನರ ಬೆಳೆಯೋದೇ ದಿನಕ್ಕೆ ಹೆಚ್ಚುಕಡಿಮೆ 1 ಮಿಲಿಮೀಟರ್. ಇಳಿದ ಮಾಂಸ ಪೂರ್ತಿ ವಾಪಸ್ ಬರುತ್ತೆ ಅಂತ ಮಾತ್ರ ಹೇಳಲಾರೆ. ಅದಕ್ಕೇ ಅವಸರ ಮಾಡ್ತಿದ್ದೀನಿ, ಬೇರೇನಿಲ್ಲ, ನಿಜವಾಗ್ಲೂ ಬೇರೇನಿಲ್ಲ, ಗಾಬರಿ ಪಡೋ ವಿಷಯವೇ ಅಲ್ಲ.

ಡ್ಯೂಟಿಗೆ ಹೊತ್ತಾಯ್ತು. ಅಪ್ಪ, ಅಮ್ಮನ ಎರಡೂ ಅಂಗೈ ಪಕ್ಕಪಕ್ಕ ಇಟ್ಟು, ಬೆಳಕಲ್ಲಿ ಫೋಟೋ ತೆಗೆದು ಇವತ್ತೇ ಕಳಿಸಿ.

ನಿಮ್ಮ
ಸುಮಾ