ಮಗಳಿಗೊಂದು ಪತ್ರ: ಗೋಡೆ ಮುಚ್ಚುವ ಮೊದಲು

ಪ್ರೀತಿಯ ಮಗಳೇ,

ಅಮೆರಿಕದ ಹಳೆ ಮನೆ ರಿಪೇರಿ ಕಾರ್ಯಕ್ರಮಗಳಲ್ಲಿ ನಿರೂಪಕಿ ಆಗಬೇಕು ಅಂತ ಬರೆದಿದ್ದೀಯ. ಓದಿ ತುಂಬಾ ಖುಷಿಯಾಯಿತು. ಸುತ್ತಿಗೆ ಎತ್ತಿ ಗೋಡೆ ಒಡೆಯುವುದು, ಕೊನೆಗೆ ಮನೆಯವರನ್ನು ಕರೆದು ಹೊಸ ಅಡುಗೆಮನೆ ತೋರಿಸುವುದು, ಇವೆರಡನ್ನೂ ಯಾರು ಬೇಕಾದರೂ ಮಾಡಿಯಾರು. ನಡುವಿನ ಕೆಲಸವನ್ನು ನೋಡುಗರಿಗೆ ಅರ್ಥ ಮಾಡಿಸುವವರು ಕಡಿಮೆ. ಅದಕ್ಕೇ 'ದಿಸ್ ಓಲ್ಡ್ ಹೌಸ್' ಎಂಬ ಮನೆ ರಿಪೇರಿ ಕಾರ್ಯಕ್ರಮದ ಮೊದಲ ನಿರೂಪಕ ಬಾಬ್ ವಿಲಾ ನಡೆದ ದಾರಿಯನ್ನು ಮೊದಲು ನೋಡು.

ವಿಲಾ ಹುಟ್ಟಿದ್ದು 1946ರಲ್ಲಿ, ಮಯಾಮಿಯ ಕ್ಯೂಬನ್ ಕುಟುಂಬದಲ್ಲಿ. ಓದಿದ್ದು ಫ್ಲೋರಿಡಾ ವಿಶ್ವವಿದ್ಯಾಲಯದಲ್ಲಿ, ಪತ್ರಿಕೋದ್ಯಮ. ಪೀಸ್ ಕೋರ್ ಎಂಬ ಅಮೆರಿಕ ಸರ್ಕಾರದ ಸೇವಾ ಸಂಸ್ಥೆಯ ಸ್ವಯಂಸೇವಕನಾಗಿ ಪನಾಮಾದಲ್ಲಿದ್ದು ಬಂದ ಮೇಲೆ ಬಾಸ್ಟನ್ ಸುತ್ತಮುತ್ತ ಹಳೆ ಮನೆಗಳನ್ನು ನವೀಕರಿಸುವ ಕೆಲಸ ಹಿಡಿದರು. ಪ್ರಶ್ನೆ ಕೇಳುವ ಓದು, ಸೈಟಿನಲ್ಲಿ ನಿಂತ ಅನುಭವ, ಎರಡೂ ಒಬ್ಬರಲ್ಲೇ ಇದ್ದವು. ಬಾಸ್ಟನ್ನಿನ ಸಾರ್ವಜನಿಕ ಟಿವಿ ಕೇಂದ್ರ ಡಬ್ಲ್ಯುಜಿಬಿಎಚ್‌ನ ರಸೆಲ್ ಮೊರಾಶ್ 1979ರಲ್ಲಿ 'ದಿಸ್ ಓಲ್ಡ್ ಹೌಸ್' ಶುರುಮಾಡಿದಾಗ ನಿರೂಪಕರಾಗಿ ಬಂದವರು ವಿಲಾ. ಮೊದಲ ಮನೆ ಬಾಸ್ಟನ್ನಿನ ಡಾರ್ಚೆಸ್ಟರ್ ಬಡಾವಣೆಯ ಒಂದು ಹಳೆ ವಿಕ್ಟೋರಿಯನ್ ಮನೆ. ಒಂದೇ ಮನೆಯ ಕೆಲಸಕ್ಕೆ ಇಡೀ ಸರಣಿ. ಈಗಿನ ಅರ್ಧ ಗಂಟೆಯ 'ಮುಂಚೆ-ಆಮೇಲೆ' ಕಾರ್ಯಕ್ರಮಗಳಲ್ಲಿ ಇಲ್ಲದ್ದು ಈ ವ್ಯವಧಾನ. ಆ ಕಾರ್ಯಕ್ರಮದ ದೊಡ್ಡ ಗುಣವೇ ಅದು ಅಂತ ನನ್ನ ಅಭಿಪ್ರಾಯ.

ಇನ್ನೊಂದು ಗುಣ ಕೆಲಸದ ಹಂಚಿಕೆ. ಮರದ ಕೆಲಸ ನಾರ್ಮ್ ಏಬ್ರಮ್ ಎಂಬ ಬಡಗಿಯದು, ಕೊಳಾಯಿ ಮತ್ತು ಹೀಟಿಂಗ್ ರಿಚರ್ಡ್ ಟ್ರೆಥ್ವೀಯದು. ವಿಲಾ ಪಕ್ಕದಲ್ಲಿ ನಿಂತು, ಮನೆಯಲ್ಲಿ ಕೂತು ನೋಡುವವನ ತಲೆಯಲ್ಲಿ ಏಳುವ ಪ್ರಶ್ನೆ ಕೇಳುತ್ತಿದ್ದರು. ಇದು ಎಷ್ಟು ಕಷ್ಟದ ಕೆಲಸ ಅಂತ ಒಂದು ಉದಾಹರಣೆಯಿಂದ ಹೇಳುತ್ತೇನೆ.

ಮಹಡಿಯ ಮೇಲೆ ಹೊಸ ಬಚ್ಚಲುಮನೆ ಮಾಡುತ್ತಿದ್ದಾರೆ ಅಂದುಕೋ. ಕೆಳಗಿನ ಜಂತೆಗಳು ಅಲ್ಲಿನ ಲೆಕ್ಕದಲ್ಲಿ 'ಎರಡು ಬೈ ಹತ್ತು' ಇಂಚು, ಆದರೆ ನಿಜವಾದ ಎತ್ತರ 9¼ ಇಂಚು. ಅಮೆರಿಕದ ವಸತಿ ಕಟ್ಟಡ ಸಂಹಿತೆಯ ಪ್ರಕಾರ ಜಂತೆಯಲ್ಲಿ ಕೊರೆಯುವ ತೂತು ಅದರ ಎತ್ತರದ ಮೂರನೇ ಒಂದು ಭಾಗ ದಾಟಬಾರದು, ಅಂದರೆ ಸುಮಾರು 3 ಇಂಚು. ಮೇಲಿನ, ಕೆಳಗಿನ ಅಂಚಿನಿಂದ ತಲಾ 2 ಇಂಚು ಮರ ಉಳಿಯಬೇಕು. ಅಂಚಿನಲ್ಲಿ ಕಚ್ಚು ಹಾಕುವುದಾದರೆ ಎತ್ತರದ ಆರನೇ ಒಂದು ಭಾಗ ಮಾತ್ರ, ಅದೂ ಜಂತೆಯ ಉದ್ದದ ನಡುವಿನ ಮೂರನೇ ಒಂದು ಭಾಗದಲ್ಲಿ ಕೂಡದು. ಕಮೋಡಿನ 3 ಇಂಚಿನ ಪಿವಿಸಿ ಪೈಪಿನ ಹೊರ ಅಳತೆ 3½ ಇಂಚು. ಅದು ಈ ಜಂತೆಯನ್ನು ನಿಯಮದ ಪ್ರಕಾರ ದಾಟಲಾರದು! ಪೈಪನ್ನು ಜಂತೆಗಳ ಉದ್ದಕ್ಕೇ ಒಯ್ಯಬೇಕು, ಇಲ್ಲವೇ ಕಮೋಡಿನ ಜಾಗ ಬದಲಿಸಬೇಕು, ಅದೂ ಆಗದಿದ್ದರೆ ಆ ಜಂತೆಯನ್ನು ಕತ್ತರಿಸಿ ಅದರ ಭಾರವನ್ನು ಹೆಡರ್ ಎಂಬ ಅಡ್ಡ ಮರದ ಮೂಲಕ ಪಕ್ಕದ ಜಂತೆಗಳಿಗೆ ವರ್ಗಾಯಿಸಬೇಕು. ಅನೇಕ ಹಳೆ ಮನೆಗಳಲ್ಲಿ ಇದನ್ನು ಕಡೆಗಣಿಸಿ ಜಂತೆಯನ್ನು ಕಡಿದೇ ಪೈಪ್ ಹಾಯಿಸಿರುತ್ತಾರೆ. ಬಚ್ಚಲಿನ ನೆಲ ಜಗ್ಗುವುದು, ಟೈಲ್ಸ್ ಸಾಲಿನಲ್ಲಿ ಮತ್ತೆ ಮತ್ತೆ ಬಿರುಕು ಬರುವುದು ಎಷ್ಟೋ ಸಲ ಅದರಿಂದಲೇ. ಪ್ಲಂಬರ್ ಡ್ರಿಲ್ ಎತ್ತಿದಾಗ 'ಈ ಪೈಪ್ ಎಲ್ಲಿಂದ ಹೋಗುತ್ತೆ?' ಎಂದು ಕೇಳುವುದು ನಿನ್ನ ಕೆಲಸ. ಆ ಒಂದು ಪ್ರಶ್ನೆಗೆ ಉತ್ತರವಾಗಿ ಇಷ್ಟೂ ವಿಷಯ ಹೊರಬರುತ್ತದೆ.

ಅದೇ ಬಚ್ಚಲಿನ ಶವರ್ ಜಾಗಕ್ಕೆ ಬಾ. ಟೈಲ್ಸ್ ನೀರು ತಡೆಯುವುದಿಲ್ಲ, ಟೈಲ್ಸ್ ಸಂದಿಗೆ ತುಂಬುವ ಗ್ರೌಟ್ ಅಂತೂ ತಡೆಯುವುದೇ ಇಲ್ಲ. ತಡೆಯುವುದು ಅದರಡಿಯ ಜಲನಿರೋಧಕ ಹಾಳೆ. ಅದು ಮೋರಿಯ ಕಡೆ ಅಡಿಗೆ ಕಾಲು ಇಂಚು ವಾಟ ಇರುವ ಗಾರೆಯ ಮೇಲೆ ಕೂರಬೇಕು. ಸಾಮಾನ್ಯವಾಗಿ ಆಗುವ ತಪ್ಪೆಂದರೆ ಹಾಳೆಯನ್ನು ಸಮತಟ್ಟಾಗಿ ಹಾಸಿ, ವಾಟವನ್ನು ಮೇಲಿನ ಗಾರೆಯಲ್ಲಿ ಮಾತ್ರ ಕೊಡುವುದು. ಮೇಲಿಂದ ನೋಡಿದರೆ ಎಲ್ಲ ಸರಿ ಇದ್ದಂತೆ ಕಾಣುತ್ತದೆ, ಒಳಗೆ ನೀರು ನಿಂತು ಕೊಳೆಯುತ್ತದೆ. ಡ್ರೈನಿನ ಸುತ್ತ ಇರುವ ಸಣ್ಣ ಬಸಿ ತೂತುಗಳು ಗಾರೆಯಿಂದ ಮುಚ್ಚಿಹೋದರೂ ಇದೇ ಗತಿ. ಅದಕ್ಕೇ ಅಲ್ಲಿ ಒಂದು ಹಿಡಿ ಸಣ್ಣ ಕಲ್ಲು ಹಾಕಿ ಆಮೇಲೆ ಗಾರೆ ಹಾಕುತ್ತಾರೆ. ಹಾಳೆ ಶವರಿನ ಹೊಸ್ತಿಲಿಗಿಂತ 3 ಇಂಚಾದರೂ ಮೇಲೆ ಗೋಡೆಗೆ ಏರಬೇಕು, ಆ ಎತ್ತರದ ಕೆಳಭಾಗದಲ್ಲಿ ಮೊಳೆ ಹೊಡೆಯಕೂಡದು. ಟೈಲ್ಸ್ ಹಾಕುವ ಮೊದಲು ಡ್ರೈನ್ ಮುಚ್ಚಿ, ಹೊಸ್ತಿಲ ಮಟ್ಟಕ್ಕೆ ಸ್ವಲ್ಪ ಕೆಳಗಿನವರೆಗೆ ನೀರು ತುಂಬಿ, ನೀರಿನ ಮಟ್ಟಕ್ಕೆ ಪೆನ್ಸಿಲ್ ಗೀರು ಹಾಕಿ, 24 ಗಂಟೆ ಬಿಟ್ಟು ಮಟ್ಟ ಇಳಿದಿದೆಯೇ ಅಂತ ನೋಡುತ್ತಾರೆ. ಆ ಗೀರನ್ನು ಕ್ಯಾಮೆರಾದಲ್ಲಿ ಹತ್ತಿರದಿಂದ ತೋರಿಸು, ಮರುದಿನ ಮತ್ತೆ ತೋರಿಸು. ನಿರ್ದೇಶಕರು ಅದನ್ನು ಕತ್ತರಿಸುತ್ತೇನೆ ಅಂದರೆ ಬೇಡ ಅಂತ ವಾದಿಸು.

ಟಿವಿಯಲ್ಲಿ ಕಾಣೆಯಾಗುವುದು ಇಂಥ ಕಾಯುವ ಹೊತ್ತೇ. ಡ್ರೈವಾಲ್ ಅಂದರೆ ಗೋಡೆಗೆ ಹೊಡೆಯುವ ಜಿಪ್ಸಮ್ ಹಲಗೆ; ಅದರ ಸಂದುಗಳಿಗೆ ಮಸಾಲೆಯ ಮೂರು ಕೋಟಿಂಗ್ ಬೇಕು, ಸಾಧಾರಣ ಮಸಾಲೆಯಾದರೆ ಒಂದೊಂದೂ ಒಣಗಲು ಒಂದು ದಿನ. ಕಾಂಕ್ರೀಟಿನ ಬಲವನ್ನು ಲೆಕ್ಕ ಹಾಕುವುದು 28 ದಿನದ ಮೇಲೆ. ಇವನ್ನು ಹಾರಿಸಿ ತೋರಿಸಿದರೆ ನೋಡುಗ ತನ್ನ ಮನೆಯ ಕೆಲಸಗಾರನ ಮೇಲೆ ಸುಮ್ಮನೆ ರೇಗುತ್ತಾನೆ. 'ಇಲ್ಲಿ ನಾಲ್ಕು ದಿನ ಕಾದೆವು' ಅನ್ನುವ ಒಂದು ಮಾತಾದರೂ ನಿನ್ನ ಬಾಯಲ್ಲಿ ಬರಲಿ.

ಗೋಡೆ ಒಡೆಯುವ ದೃಶ್ಯದ ಬಗ್ಗೆಯೂ ಎಚ್ಚರ. ಅಮೆರಿಕದಲ್ಲಿ ಮನೆಯ ಬಣ್ಣಕ್ಕೆ ಸೀಸ ಬಳಸುವುದನ್ನು 1978ರಲ್ಲಿ ನಿಷೇಧಿಸಿದರು. ಅದಕ್ಕಿಂತ ಹಳೆಯ ಮನೆಯಲ್ಲಿ ಹಣ ಪಡೆದು ಕೆಲಸ ಮಾಡುವವರು, ಕೋಣೆಯೊಳಗೆ 6 ಚದರ ಅಡಿಗಿಂತ ಹೆಚ್ಚು, ಹೊರಗೆ 20 ಚದರ ಅಡಿಗಿಂತ ಹೆಚ್ಚು ಬಣ್ಣ ಕೆದಕುವುದಾದರೆ, ತರಬೇತಿ ಪಡೆದು ಪ್ರಮಾಣಪತ್ರ ಹೊಂದಿರಬೇಕು. ಪರಿಸರ ಸಂರಕ್ಷಣಾ ಸಂಸ್ಥೆಯ ಈ ನಿಯಮ 2010ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಕಿಟಕಿ ಬದಲಿಸುವುದಕ್ಕೆ ಈ ಅಳತೆಯ ರಿಯಾಯಿತಿಯೂ ಇಲ್ಲ. ಆ ಧೂಳು ಮಕ್ಕಳ ಮಿದುಳಿಗೆ ವಿಷ. ಹಳೆ ಬಾಗಿಲಿಗೆ ಸುತ್ತಿಗೆ ಬೀಸುತ್ತಾ ನಗುವ ಶಾಟ್ ಕೇಳಿದರೆ, ಸೀಸದ ಪರೀಕ್ಷೆ ಆಗಿದೆಯಾ ಅಂತ ಮೊದಲು ಕೇಳು.

ಹಣದ ವಿಷಯ ಒಂದಿದೆ. 1989ರಲ್ಲಿ ವಿಲಾ 'ದಿಸ್ ಓಲ್ಡ್ ಹೌಸ್' ಬಿಡಬೇಕಾಯಿತು. ಅವರು ರಿಕಲ್ ಎಂಬ ಕಟ್ಟಡ ಸಾಮಗ್ರಿ ಮಳಿಗೆಗಳ ಜಾಹೀರಾತು ಮಾಡಿದ್ದು ಅದೇ ವ್ಯಾಪಾರದಲ್ಲಿದ್ದ, ಕಾರ್ಯಕ್ರಮದ ಪ್ರಾಯೋಜಕ ಹೋಮ್ ಡಿಪೋಗೆ ಸರಿ ಬರಲಿಲ್ಲ. ಅವರ ಜಾಗಕ್ಕೆ ಸ್ಟೀವ್ ಥಾಮಸ್ ಬಂದರು. ವಿಲಾ ಮರುವರ್ಷವೇ ತಮ್ಮದೇ 'ಹೋಮ್ ಅಗೇನ್' ಕಾರ್ಯಕ್ರಮ ಶುರುಮಾಡಿದರು, ಸಿಯರ್ಸ್ ಎಂಬ ಮಳಿಗೆ ಕಂಪನಿಯ ಜಾಹೀರಾತಿನ ಮುಖವೂ ಆದರು. ಆ ಬದುಕೂ ದೀರ್ಘವಾಗಿಯೇ ನಡೆಯಿತು. ಒಪ್ಪಂದಕ್ಕೆ ಸಹಿ ಹಾಕುವಾಗ ಬೇರೆ ಜಾಹೀರಾತಿನ ಷರತ್ತನ್ನು ವಕೀಲರ ಜೊತೆ ಕೂತು ಓದು. ಉಚಿತವಾಗಿ ಬಂದ ಟೈಲ್ಸ್, ಪೇಂಟ್ ಬಳಸಿದ್ದರೆ ಪರದೆಯ ಮೇಲೆ ಹಾಗೆಂದು ಹೇಳಿಸು.

ಈಗ ನಿನ್ನ ಮಾದರಿ ವಿಡಿಯೊ. ಅಲಂಕಾರ ಆದ ಕೋಣೆಯಲ್ಲಿ ನಿಂತು ಮಾತಾಡುವುದು ಬೇಡ. ಕೆಲಸ ನಡೆಯುತ್ತಿರುವ ಒಂದು ಮನೆಗೆ, ಡ್ರೈವಾಲ್ ಹೊಡೆಯುವ ಹಿಂದಿನ ದಿನ ಹೋಗು. ಅಲ್ಲಿನ ಬಡಗಿಯ ಒಪ್ಪಿಗೆ ಕೇಳಿ, ವೈರು, ಪೈಪು, ಕಂಬ ಎಲ್ಲ ಕಾಣುವ ಒಂದೇ ಗೋಡೆಯ ಮುಂದೆ ಟೇಪು ಹಿಡಿದು ಹತ್ತು ನಿಮಿಷ ಅವರಿಂದ ಮಾತಾಡಿಸು. ಎಡಿಟ್ ಮಾಡಿ ಎರಡು ನಿಮಿಷಕ್ಕೆ ಇಳಿಸು, ಆದರೆ ಪ್ರಶ್ನೆಗಳು ನಿನ್ನ ದನಿಯಲ್ಲೇ ಇರಲಿ. ಮುಗಿದ ಕೂಡಲೇ ನನಗೆ ಕಳಿಸು, ನೋಡಿ ಹೇಳುತ್ತೇನೆ.

ಪ್ರೀತಿಯಿಂದ,
ನಿನ್ನ ಅಮ್ಮ