ಬೂದಿ ಕೊಡಿ, ಜೊತೆಗೊಂದು ಚೀಟಿ ಕೊಡಿ

ಮಾನ್ಯ ಸಂಪಾದಕರೇ,

ಗಂಗಾವತಿ ಕಡೆಯವರಿಗೆ ಭತ್ತದ ಹೊಟ್ಟಿನ ಬೂದಿ ಅಂದರೆ ಏನು ಅಂತ ಹೇಳಬೇಕಾಗಿಲ್ಲ. ಮಾಳಿಗೆ ಮೇಲೆ ಒಣಹಾಕಿದ ಬಟ್ಟೆ ಕೊಡವಿಯೇ ಒಳಗೆ ತರುವವರು ನಾವು. ನಮ್ಮ ಓಣಿ ಹಿಂದಿನ ಖಾಲಿ ಜಾಗಕ್ಕೆ ಒಂದು ಮಿಲ್ಲಿನವರು ರಾತ್ರಿ ಟ್ರ್ಯಾಕ್ಟರ್‌ನಲ್ಲಿ ಬೂದಿ ತಂದು ಸುರಿದು ಹೋಗುತ್ತಾರೆ. ಗಾಳಿ ಬೀಸಿದರೆ ಅಷ್ಟೂ ನಮ್ಮ ಕಣ್ಣಿಗೆ. ಒಂದು ಕ್ವಿಂಟಲ್ ಭತ್ತಕ್ಕೆ ಸುಮಾರು 20 ಕೆಜಿ ಹೊಟ್ಟು, ಅದು ಉರಿದರೆ 4 ಕೆಜಿ ಬೂದಿ. ಈ ಭಾಗದಲ್ಲಿ ಎಷ್ಟು ಭತ್ತ ಬೆಳೆಯುತ್ತದೆ ನೀವೇ ಲೆಕ್ಕ ಹಾಕಿ.

ನಾನು 26 ವರ್ಷದಿಂದ ಗೌಂಡಿ. ಈ ಬೂದಿಯನ್ನು ಸಿಮೆಂಟಿಗೆ ಬೆರೆಸಬಹುದು ಅಂತ ಪರಿಚಯದ ಎಂಜಿನಿಯರ್ ಒಬ್ಬರು ಹೇಳಿದರು. ನಮ್ಮ ದನದ ಕೊಟ್ಟಿಗೆಗೆ ಪ್ಲಾಸ್ಟರ್ ಬಾಕಿ ಇತ್ತು. ಕೆಟ್ಟರೆ ಎಮ್ಮೆ ಏನೂ ಅನ್ನಲ್ಲ ಅಲ್ವಾ? ಆ ರಾಶಿಯಿಂದಲೇ ಎರಡು ಚೀಲ ತಂದು, ಜರಡಿ ಹಿಡಿದು, ಎಂಟು ಬಾಂಡ್ಲಿ ಸಿಮೆಂಟಿಗೆ ಎರಡು ಬಾಂಡ್ಲಿ ಬೂದಿ ಹಾಕಿದೆ. ಎಷ್ಟು ನೀರು ಸುರಿದರೂ ಸಾಲದು. ಕಲಸಿದ ಮಾಲು ಹದಕ್ಕೆ ಬರಲಿ ಅಂತ ಇನ್ನೂ ಜಾಸ್ತಿ ಸುರಿದೆ. ವಾರದೊಳಗೆ ಗೋಡೆ ತುಂಬ ಕೂದಲೆಳೆಯಂಥ ಬಿರುಕು. ಉಗುರಿಂದ ಕೆರೆದರೆ ಪುಡಿ ಉದುರುತ್ತಿತ್ತು.

ಎಂಜಿನಿಯರ್ ನೋಡಿ ನಕ್ಕರು. ನಾನು ತಂದದ್ದು ಕಪ್ಪು ಬೂದಿ. ಸರಿಯಾಗಿ ಉರಿಯದ ಹೊಟ್ಟಿನಲ್ಲಿ ಇದ್ದಿಲು ಉಳಿಯುತ್ತದೆ, ಅದು ನೀರು ಕುಡಿಯುತ್ತದೆ. ಉರಿ ವಿಪರೀತ ಆದರೂ ಕಷ್ಟವೇ. ಬೂದಿಯಲ್ಲಿ ನೂರಕ್ಕೆ 85-90ರಷ್ಟು ಸಿಲಿಕಾ, ಅಂದರೆ ಮರಳಲ್ಲಿರುವ ಅಂಶವೇ. ಅದು ಶಾಖ ಹೆಚ್ಚಾಗಿ ಹರಳುಗಟ್ಟಿದರೆ ಸಿಮೆಂಟಿನ ಜೊತೆ ಕೂಡದೆ ಮರಳಿನ ಹಾಗೆ ಸುಮ್ನೆ ಕೂತುಬಿಡುತ್ತದೆ. ಸುಮಾರು 600-700 ಡಿಗ್ರಿಯೊಳಗೆ ಪೂರ್ತಿ ಉರಿದು, ನುಣ್ಣಗೆ ಅರೆದ ಬೂದಿ ಬೇಕು. ಸಿಮೆಂಟಿಗೆ ನೀರು ಬಿದ್ದಾಗ ಬಿಡುಗಡೆಯಾಗುವ ಸುಣ್ಣವನ್ನು ಅದು ಹಿಡಿದುಕೊಂಡು ನಿಧಾನಕ್ಕೆ ಗಟ್ಟಿಯಾಗುತ್ತದೆ. ನಮ್ಮ ತುಂಗಭದ್ರಾ ಅಣೆಕಟ್ಟೆಯ ಸುರ್ಕಿ ಗಾರೆಯೂ ಇದೇ ಜಾತಿಯದು. ಅಲ್ಲಿ ಸುಣ್ಣಕ್ಕೆ ಸುಟ್ಟ ಇಟ್ಟಿಗೆ ಪುಡಿ.

ಎರಡನೇ ಗೋಡೆಗೆ ಬಿಳಿಚಿದ ಬೂದಿಯನ್ನೇ ಆರಿಸಿ ತಂದೆ. ಹಿಟ್ಟಿನ ಗಿರಣಿಯವನು ಹತ್ತಿರ ಸೇರಿಸಲಿಲ್ಲ. ಮೂಗಿಗೆ ಟವೆಲ್ ಕಟ್ಟಿಕೊಂಡು, ಹೆಂಡತಿಯಿಂದ ಬೈಸಿಕೊಂಡು, ಮನೆಯ ಹಳೇ ಒರಳಲ್ಲಿ ಅರೆದೆ. ಬೂದಿ ಹಗುರ, ಬಾಂಡ್ಲಿ ಲೆಕ್ಕ ನಡೆಯಲ್ಲ. ತಕ್ಕಡಿಯಲ್ಲಿ ತೂಗಿ 45 ಕೆಜಿ ಸಿಮೆಂಟಿಗೆ 5 ಕೆಜಿ ಹಾಕಿದೆ. ಎರಡು ವಾರ ಗೋಡೆಗೆ ಹೊದಿಸಿದ ಗೋಣಿತಟ್ಟು ಒಣಗಲು ಬಿಡಲಿಲ್ಲ. ಮೂರು ಮಳೆಗಾಲ ಆಯಿತು, ಎಮ್ಮೆ ಮೈ ಉಜ್ಜಿದರೂ ಆ ಗೋಡೆ ಉದುರಿಲ್ಲ.

ಕಾಂಕ್ರೀಟಿನ ಮಾನದಂಡ ಐಎಸ್ 456ರಲ್ಲೂ ಹೊಟ್ಟಿನ ಬೂದಿಯ ಹೆಸರಿದೆಯಂತೆ. ಆದರೆ ಪರೀಕ್ಷೆ ಮಾಡಿದ ಬೂದಿಯ ಚೀಲವನ್ನು ನಮ್ಮೂರ ಸಿಮೆಂಟ್ ಅಂಗಡಿಯಲ್ಲಿ ನಾನಂತೂ ಕಂಡಿಲ್ಲ. ಮಿಲ್ಲಿನವರು ಬೂದಿಯನ್ನು ಬಣ್ಣ ನೋಡಿ ಬೇರೆ ಮಾಡಲಿ, ಅರೆಸಲಿ. ಹತ್ತಿರದ ಎಂಜಿನಿಯರಿಂಗ್ ಕಾಲೇಜಿನವರು ಪರೀಕ್ಷೆ ಮಾಡಿಕೊಡಲಿ. ಇದ್ದಿಲು ಎಷ್ಟು, ಸಿಮೆಂಟಿಗೆ ಎಷ್ಟು ಬೆರೆಸಬಹುದು ಅಂತ ಕನ್ನಡದಲ್ಲಿ ಬರೆದ ಒಂದು ಚೀಟಿ ಚೀಲದ ಮೇಲೆ ಇದ್ದರೆ ನಮ್ಮಂಥವರಿಗೆ ಸಾಕು. ಜಿಲ್ಲಾಡಳಿತ ಇವರಿಬ್ಬರನ್ನು ಒಂದು ದಿನ ಕೂರಿಸಿ ಮಾತಾಡಿಸಲಿ.

ಮೊನ್ನೆ ಮನೆ ಕಟ್ಟಿಸುವವರೊಬ್ಬರು, "ಪುಕ್ಕಟೆ ಬೂದಿ ಅಲ್ವಾ ಮೇಸ್ತ್ರಿ, ಸ್ಲ್ಯಾಬಿಗೂ ಹಾಕಿಬಿಡು" ಅಂದರು. ಚೀಟಿ ಇಲ್ಲದ ಬೂದಿಯನ್ನು ತಲೆ ಮೇಲಿನ ಸ್ಲ್ಯಾಬಿಗೆ ನಾನು ಹಾಕಲ್ಲ ಅಂದೆ. ಅವರಿಗೆ ಇನ್ನೂ ಸಿಟ್ಟಿದೆ.

– ಒಬ್ಬ ಗೌಂಡಿ, ಗಂಗಾವತಿ